ಗುಲಾಬಿಯನ್ನು ಹತ್ತಿಸಬೇಡಿ, ಮಲಗಿಸಿ

ನಮ್ಮ ಮನೆಯ ಬಳ್ಳಿ ಗುಲಾಬಿಯನ್ನು ಪಕ್ಕದ ಮನೆಯ ಅಜ್ಜಿ ಮೂರು ವರ್ಷ ದೇವರಿಗೆ ಏರಿಸಿದರು. ಕದ್ದದ್ದೇನಲ್ಲ. ಗಿಡ ನಮ್ಮ ಕಾಂಪೌಂಡಿನೊಳಗೆ, ಬೇರು ನಮ್ಮ ಮಣ್ಣಿನಲ್ಲಿ, ನೀರು ನಮ್ಮ ಸಂಪಿನದು. ಹೂ ಮಾತ್ರ ಅವರ ಮೊದಲ ಮಹಡಿಯ ಬಾಲ್ಕನಿ ಪಕ್ಕ. ನಾನು ಕೆಳಗೆ ನಿಂತು ಕತ್ತೆತ್ತಿದರೆ ಕಾಣುತ್ತಿದ್ದದ್ದು ಹನ್ನೆರಡು ಅಡಿ ಮುಳ್ಳು, ಅದರ ಮೇಲೆ ಎಲ್ಲೋ ಒಂದಿಷ್ಟು ಗುಲಾಬಿ ಬಣ್ಣ. ಅಜ್ಜಿ ಬೆಳಿಗ್ಗೆ ಬುಟ್ಟಿ ಹಿಡಿದು ಬಂದು, ಕೈ ಚಾಚಿ, ಆರಾಮಾಗಿ ಕೀಳುತ್ತಿದ್ದರು. "ನಿಮ್ಮ ಗಿಡಕ್ಕೆ ನಮ್ಮ ದೇವರ ಮೇಲೇ ಭಕ್ತಿ ಕಣಮ್ಮ" ಅಂತ ಒಂದು ದಿನ ಮೇಲಿನಿಂದ ಹೇಳಿದರು. ನಾನು ನಕ್ಕೆ. ಒಳಗೆ ಬಂದು ನಮ್ಮವರ ಹತ್ತಿರ ನಗಲಿಲ್ಲ.

ಈ ಗಿಡ ತಂದದ್ದು 2018ರ ಜೂನ್‌ನಲ್ಲಿ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಮೂರು ವಾರ ಆಗಿತ್ತು ಅಷ್ಟೇ. ಮೈಸೂರಿನ ಕುವೆಂಪುನಗರದ ಮನೆ, ಪೂರ್ವಕ್ಕೆ ಖಾಲಿ ಗೋಡೆ. ಬೆಳಗಿನ ಬಿಸಿಲು ಹನ್ನೊಂದೂವರೆ ತನಕ ಚೆನ್ನಾಗಿ ಬೀಳುತ್ತದೆ, ಮಧ್ಯಾಹ್ನದ ಕಾವು ತಗುಲುವುದಿಲ್ಲ. ಗುಲಾಬಿಗೆ ಇದಕ್ಕಿಂತ ಒಳ್ಳೆಯ ಗೋಡೆ ಬೇಡ. ಪಶ್ಚಿಮದ ಗೋಡೆಗೆ ಹಬ್ಬಿಸಿದರೆ ಏಪ್ರಿಲ್‌ನಲ್ಲಿ ಗೋಡೆ ಕಾದು ಚಿಗುರೆಲ್ಲ ಬಾಡಿ ಹೋಗುತ್ತದೆ. ನರ್ಸರಿಯಲ್ಲಿ ಗಿಡದ ಹೆಸರು ಕೇಳಿದರೆ "ಕ್ಲೈಂಬರ್ ಪಿಂಕ್, ಮೇಡಂ" ಅಂದರು. ಅಷ್ಟೇ ಅದರ ಜಾತಕ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಗುಂಡಿ ತೋಡಿಸಿದೆ. ಗೋಡೆಯ ಬುಡದಲ್ಲಿ ಮಣ್ಣು ಯಾವಾಗಲೂ ಒಣಗಿರುತ್ತದೆ, ಜೊತೆಗೆ ಮನೆ ಕಟ್ಟಿದಾಗಿನ ಸಿಮೆಂಟು, ಜಲ್ಲಿ ಎಲ್ಲ ಅಲ್ಲೇ ಕೂತಿರುತ್ತದೆ. ಇದೊಂದನ್ನು ಮಾತ್ರ ಮೊದಲ ಸಲಕ್ಕೇ ಸರಿ ಮಾಡಿದ್ದೆ.

ಅದಾದ ಮೇಲೆ ಸಾಲಾಗಿ ತಪ್ಪು.

ಮೊದಲನೆಯದು ಆ ವರ್ಷದ ಅಕ್ಟೋಬರ್‌ನಲ್ಲಿ. ಬೀದಿಯ ನಾಲ್ಕಾರು ಮನೆಗೆ ಬರುವ ಮಾಲಿ ನಮ್ಮಲ್ಲಿಗೂ ಬಂದರು. ಕುಂಡದ ಗುಲಾಬಿಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿದರು, ಅದು ಸರಿ. ಅದೇ ಕೈಯಲ್ಲಿ ಗೋಡೆಯ ಪಕ್ಕದ್ದನ್ನೂ ಮೊಣಕಾಲಿಗೆ ತಂದರು. ನಾನು ಕಾಫಿ ಮಾಡುತ್ತಿದ್ದೆ. ಹೊರಗೆ ಬಂದಾಗ ಐದಡಿ ಬೆಳೆದಿದ್ದ ಎರಡು ಕಡ್ಡಿ ನೆಲದ ಮೇಲಿದ್ದವು. ಅವರದು ತಪ್ಪು ಅನ್ನಲಾರೆ, ನಾನು ಹೇಳಿರಲಿಲ್ಲ. ಹೇಳುವಷ್ಟು ನನಗೂ ಗೊತ್ತಿರಲಿಲ್ಲ.

ವಿಷಯ ಇಷ್ಟು. ಪೊದೆ ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ, ಅದಕ್ಕೇ ಕತ್ತರಿಸಿದಷ್ಟೂ ಅದಕ್ಕೆ ಖುಷಿ. ಬಳ್ಳಿ ಗುಲಾಬಿ ಮೊದಲು ಉದ್ದದ ಕಡ್ಡಿಗಳನ್ನು ಬೆಳೆಸಿಕೊಳ್ಳುತ್ತದೆ. ಆ ಕಡ್ಡಿಯ ಮೈಯಿಂದ ಹೊರಡುವ ಸಣ್ಣ ಕವಲುಗಳಲ್ಲಿ ಹೂ. ಕಡ್ಡಿ ಕತ್ತರಿಸಿದರೆ ಕವಲು ಹುಟ್ಟುವ ಜಾಗವನ್ನೇ ತೆಗೆದ ಹಾಗಾಯಿತು. ಮೊದಲ ಎರಡು ವರ್ಷ ಒಣಗಿದ್ದು, ಮುರಿದದ್ದು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಇನ್ನೊಂದು ಅಪಾಯವೂ ಇದೆ. ಪೇಟೆಯಲ್ಲಿ ಸಿಗುವ ಎಷ್ಟೋ ಕ್ಲೈಂಬರ್‌ಗಳು ಹುಟ್ಟಿನಿಂದ ಬಳ್ಳಿಯಲ್ಲ. ಯಾವುದೋ ಪೊದೆ ಗುಲಾಬಿಯಲ್ಲಿ ಒಂದು ರೆಂಬೆ ಇದ್ದಕ್ಕಿದ್ದಂತೆ ಉದ್ದಕ್ಕೆ ಬೆಳೆಯಲು ಶುರು ಮಾಡಿ, ಅದನ್ನು ಕಸಿ ಮಾಡಿ ಬೇರೆ ತಳಿಯಾಗಿಸಿದ್ದು. ನಮ್ಮ ಗೇಟಿನ ಕಮಾನಿಗೆ ಆಮೇಲೆ ಹಾಕಿದ ಬಿಳಿಯ ಕ್ಲೈಂಬಿಂಗ್ ಐಸ್‌ಬರ್ಗ್ ಅಂಥದ್ದೇ. 1958ರಲ್ಲಿ ಜರ್ಮನಿಯ ಕೋರ್ಡೆಸ್‌ನವರು ಬಿಡುಗಡೆ ಮಾಡಿದ ಐಸ್‌ಬರ್ಗ್ ಪೊದೆ, ಹತ್ತು ವರ್ಷದ ನಂತರ ಅದರದೇ ಬಳ್ಳಿ ರೂಪ ಬಂತು. ಇಂಥವನ್ನು ಎಳೆಯದರಲ್ಲೇ ಜೋರಾಗಿ ಕತ್ತರಿಸಿದರೆ ಕೆಲವು ಸಲ ತಮ್ಮ ಹಳೇ ಪೊದೆ ಬುದ್ಧಿಗೇ ಮರಳಿಬಿಡುತ್ತವೆ. ಆಮೇಲೆ ಏನು ಮಾಡಿದರೂ ಏರುವುದಿಲ್ಲ.

ನಮ್ಮ ಪಿಂಕ್ ಹಾಗೆ ಮಾಡಲಿಲ್ಲ, ಪುಣ್ಯ. ಒಂದು ವರ್ಷ ಮುನಿಸಿಕೊಂಡು ಕೂತಿತ್ತು, ಆಮೇಲೆ ಎದ್ದಿತು.

ಎದ್ದದ್ದು ನೇರ ಮೇಲಕ್ಕೆ. ನಾನು ಗೋಡೆಗೆ ಮೊಳೆ ಹೊಡೆದು, ನೈಲಾನ್ ದಾರದಲ್ಲಿ ಬಿಗಿಯಾಗಿ ಕಟ್ಟಿದೆ. ಬಳ್ಳಿ ಅಂದ ಮೇಲೆ ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ನನ್ನ ತವರು ಕೊಪ್ಪದ ಕಡೆ. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬುವುದನ್ನು ನೋಡುತ್ತಲೇ ಬೆಳೆದವಳು. ಮೆಣಸಿನ ಬಳ್ಳಿಗೆ ಪ್ರತಿ ಗಿಣ್ಣಿನಲ್ಲೂ ಬೇರು ಬರುತ್ತದೆ. ಮೊದಲು ಒಂದೆರಡು ಕಡೆ ಬಾಳೆನಾರಿನಲ್ಲಿ ಕಟ್ಟಿ ದಾರಿ ತೋರಿಸಿದರೆ ಸಾಕು, ಆಮೇಲೆ ಮರವನ್ನು ಅದೇ ಅಪ್ಪಿಕೊಂಡು ಹೋಗುತ್ತದೆ. ಹಾಗಲಕಾಯಿಗೆ ಸುರುಳಿ ಎಳೆ ಇದೆ. ಮಲ್ಲಿಗೆ ಸುತ್ತಿಕೊಳ್ಳುತ್ತದೆ. ಗುಲಾಬಿಗೆ ಈ ಯಾವುದೂ ಇಲ್ಲ. ಬೇರೂ ಇಲ್ಲ, ಎಳೆಯೂ ಇಲ್ಲ, ಸುತ್ತುವ ಬುದ್ಧಿಯೂ ಇಲ್ಲ. ಇರುವುದು ಕೆಳಮುಖವಾಗಿ ಬಾಗಿದ ಮುಳ್ಳು. ಕಾಡಿನಲ್ಲಿ ಬೇರೆ ಗಿಡದ ರೆಂಬೆಗಳ ಮೇಲೆ ಬಿದ್ದು, ಮುಳ್ಳನ್ನೇ ಕೊಕ್ಕೆ ಮಾಡಿಕೊಂಡು ಜಾರದೆ ನಿಲ್ಲುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಕೊಕ್ಕೆ ಸಿಕ್ಕಿಸುವುದು ಎಲ್ಲಿಗೆ? ಅಂದರೆ ಬಳ್ಳಿ ಗುಲಾಬಿ ಅನ್ನುವುದು ನಾವು ಕೊಟ್ಟ ಬಿರುದು. ನಿಜಕ್ಕೂ ಅದು ಉದ್ದ ಕೈಕಾಲಿನ ಪೊದೆ. ಕಟ್ಟದಿದ್ದರೆ ಬೀಳುತ್ತದೆ.

ನೈಲಾನ್ ಕಥೆ ಗೊತ್ತಾದದ್ದು ಎರಡು ವರ್ಷ ಬಿಟ್ಟು. ಕಡ್ಡಿ ದಪ್ಪವಾಗುತ್ತಾ ಹೋಯಿತು, ದಾರ ಹಿಗ್ಗಲಿಲ್ಲ. ಒಂದು ಕಡ್ಡಿಯಲ್ಲಿ ದಾರ ಸಿಪ್ಪೆಯೊಳಗೆ ಪೂರ್ತಿ ಹೂತು, ಅದರ ಮೇಲಿನ ಭಾಗ ಬಾತುಕೊಂಡು, ಜೂನ್ ಗಾಳಿಗೆ ಸರಿಯಾಗಿ ಅಲ್ಲೇ ಮುರಿಯಿತು. ಮುರಿದ ಜಾಗ ನೋಡಿದರೆ ಕುತ್ತಿಗೆಗೆ ನೂಲು ಬಿಗಿದ ಹಾಗಿತ್ತು.

ಈಗ ದ್ರಾಕ್ಷಿಯ ವಿಷಯಕ್ಕೆ ಬರುತ್ತೇನೆ. ಕೆಲಸದಲ್ಲಿದ್ದಾಗ ಮೂರು ವರ್ಷ ವಿಜಯಪುರದಲ್ಲಿದ್ದೆ. ಬೆಳೆ ಸಾಲದ ಸಲುವಾಗಿ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಹೋಗಿ ಬರುವುದಿತ್ತು. ಅಲ್ಲಿ ಒಬ್ಬ ಹಿರಿಯ ಬೆಳೆಗಾರರು, ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಅದನ್ನೇ ಕರೆದೆ. ಮನೂಕ, ಅಂದರೆ ಒಣದ್ರಾಕ್ಷಿ, ಅವರ ಮನೆಯಿಂದಲೇ ಈಗಲೂ ತರಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಮನೂಕಕ್ಕೆ ಫೋನ್ ಮಾಡಿದವಳು ಸುಮ್ನೆ ಗುಲಾಬಿ ಗೋಳನ್ನೂ ಹೇಳಿದೆ. ತುದಿಯಲ್ಲಿ ಮಾತ್ರ ಹೂ, ಕೆಳಗೆಲ್ಲ ಬೋಳು.

ಕಾಕಾ ಒಂದೇ ಪ್ರಶ್ನೆ ಕೇಳಿದರು. "ಕಡ್ಡಿ ನೆಟ್ಟಗ ನಿಂತಾವೇನ್ರಿ ಮೇಡಮ್ಮಾರ, ಅಡ್ಡ ಮಲಗ್ಯಾವೋ?"

"ನೆಟ್ಟಗೆ ನಿಂತಿವೆ ಕಾಕಾ."

"ಮತ್ತ ಅದಽ ನೋಡ್ರಿ. ನಿಂತ ಕಡ್ಡೀಗೆ ತುದೀ ಕಣ್ಣಷ್ಟ ಒಡಿತಾವ. ಮಲಗಿಸ್ರಿ ಅದನ್ನ. ಎಲ್ಲಾ ಕಣ್ಣೂ ಎದ್ದು ಕುಂದರ್ತಾವ."

ಫೋನ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಮೂರು ವರ್ಷ ಆ ತೋಟಗಳಲ್ಲಿ ಓಡಾಡಿದ್ದೇನೆ. ತಂತಿಯ ಮೇಲೆ ಸಾಲಾಗಿ ಅಡ್ಡ ಕಟ್ಟಿದ ಕಡ್ಡಿಗಳನ್ನು ಕಣ್ಣಾರೆ ನೋಡಿದ್ದೇನೆ. ಏಪ್ರಿಲ್‌ನಲ್ಲಿ ಒಂದು ಚಾಟನಿ, ಅಂದರೆ ಗಿಡ ಸವರುವುದು, ಅದು ಹೊಸ ಕಡ್ಡಿ ಬರಲಿಕ್ಕೆ. ಅಕ್ಟೋಬರ್‌ನಲ್ಲಿ ಇನ್ನೊಂದು, ಅದು ಹಣ್ಣಿಗೆ. ಸಾಲದ ಫಾರಂ ತುಂಬಿಸುವಾಗ ಚಾಟನಿ ಖರ್ಚು ಅಂತ ಎಷ್ಟು ಸಲ ಬರೆದಿಲ್ಲ! ಮನೆಯ ಗುಲಾಬಿಗೆ ಮಾತ್ರ ಅದು ಹೊಳೆಯಲೇ ಇಲ್ಲ.

ಕಾಕಾ ಹೇಳಿದ್ದಕ್ಕೆ ಕಾರಣ ಹೀಗಿದೆ. ಕಡ್ಡಿಯ ತುದಿಯ ಚಿಗುರು ಆಕ್ಸಿನ್ ಅನ್ನುವ ಹಾರ್ಮೋನು ತಯಾರಿಸುತ್ತದೆ, ಅದು ಕಾಂಡದ ಗುಂಟ ಕೆಳಗೆ ಇಳಿಯುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಗಿಣ್ಣುಗಳ ಚಿಗುರುಮೊಗ್ಗು, ಕಾಕಾ ಹೇಳಿದ ಕಣ್ಣು, ಏಳುವುದಿಲ್ಲ. ಅತ್ತೆ ನಡುಮನೆಯಲ್ಲಿ ಕೂತಿರುವ ತನಕ ಸೊಸೆಯರು ಬಾಯಿ ಬಿಡದ ಹಾಗೆ ಅಂದುಕೊಳ್ಳಿ. ಕಡ್ಡಿಯನ್ನು ಅಡ್ಡ ಮಲಗಿಸಿದರೆ ತುದಿ ಎಲ್ಲಕ್ಕಿಂತ ಮೇಲಿರುವುದಿಲ್ಲ, ಅದರ ದರ್ಬಾರು ಸಡಿಲವಾಗುತ್ತದೆ. ಉದ್ದಕ್ಕೂ ಕಣ್ಣುಗಳು ಒಡೆಯುತ್ತವೆ. ಒಡೆದ ಪ್ರತಿ ಕಣ್ಣೂ ಒಂದು ಗೇಣುದ್ದದ ಕವಲು, ಕವಲಿನ ತುದಿಯಲ್ಲಿ ಹೂ. ಇಷ್ಟೇ ಗುಟ್ಟು. ಗೊಬ್ಬರ, ಔಷಧಿ, ಯೂಟ್ಯೂಬಿನಲ್ಲಿ ಹೇಳುವ ಬಾಳೆಹಣ್ಣಿನ ಸಿಪ್ಪೆ ನೀರು, ಇದೆಲ್ಲ ಆಮೇಲಿನ ಮಾತು.

ಮಲಗಿಸಬೇಕಾದರೆ ಮಲಗಲು ಜಾಗ ಬೇಕಲ್ಲ. ಮೊಳೆ ಕಿತ್ತು ಹಾಕಿದೆವು. ಡ್ರಿಲ್ ಮಾಡುವ ಹುಡುಗನನ್ನು ಕರೆಸಿ ಗೋಡೆಯಲ್ಲಿ ತೂತು ಮಾಡಿಸಿ, ಪ್ಲಾಸ್ಟಿಕ್ ಪ್ಲಗ್ಗು ಕೂರಿಸಿ, ತಂತಿ ತೂರಿಸಲು ತುದಿಯಲ್ಲಿ ಬಳೆ ಇರುವ ಉದ್ದ ಸ್ಕ್ರೂ ಹಾಕಿಸಿದೆ. ಬಳೆ ಗೋಡೆಯಿಂದ ಮೂರು ಇಂಚು ಹೊರಗೆ ನಿಲ್ಲಬೇಕು. ಹುಡುಗ "ಗೋಡೆಗೆ ಒತ್ತಿಕೊಂಡಿದ್ರೆ ನೀಟಾಗಿರುತ್ತೆ ಆಂಟಿ" ಅಂದ. ನೀಟು ಬೇಡ, ಗಾಳಿ ಬೇಕು. ಎಲೆಯ ಹಿಂದೆ ಗಾಳಿ ಆಡದಿದ್ದರೆ ಮಳೆಗಾಲದಲ್ಲಿ ಕಪ್ಪು ಚುಕ್ಕೆ ರೋಗ ಗ್ಯಾರಂಟಿ, ಬೇಸಿಗೆಯಲ್ಲಿ ನುಸಿ. ನೆಲದಿಂದ ಒಂದೂವರೆ ಅಡಿಗೆ ಮೊದಲ ತಂತಿ, ಅದರ ಮೇಲೆ ಅಡಿಗೊಂದರಂತೆ ಒಟ್ಟು ಐದು. ಹನ್ನೆರಡು ಗೇಜಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ. ಬಟ್ಟೆ ಒಣಗಿಸುವ ತೆಳು ತಂತಿ ಸಾಲದು, ಹೂ ತುಂಬಿ ಮಳೆ ನೆನೆದ ಗುಲಾಬಿಯ ಭಾರ ಕಟ್ಟಿದವರಿಗೇ ಗೊತ್ತು. ಕಮಾನಿಗೆ ಮೊದಲು ಬಿದಿರು ಹಾಕಿಸಿದ್ದೆ. ಎರಡನೇ ಮಳೆಗಾಲಕ್ಕೆ ಬುಡಕ್ಕೆ ಗೆದ್ದಲು ಹಿಡಿದು ಇಡೀ ಕಮಾನು ಐಸ್‌ಬರ್ಗಿನ ಮೇಲೆ ಒರಗಿ ನಿಂತಿತ್ತು, ಗಿಡವೇ ಆಧಾರಕ್ಕೆ ಆಧಾರ. ಈಗ ಅಲ್ಲಿ ಒಂದಿಂಚು ಜಿಐ ಪೈಪು.

ಕಟ್ಟಲು ನನ್ನದು ಹಳೇ ಹತ್ತಿ ಸೀರೆಯ ಪಟ್ಟಿ. ಬಾಳೆನಾರು ಸಿಕ್ಕರೆ ಅದು. ಎರಡೂ ಒಂದು ವರ್ಷದೊಳಗೆ ತಾವೇ ಜೀರ್ಣವಾಗುತ್ತವೆ, ಕಡ್ಡಿ ಕುತ್ತಿಗೆ ಹಿಸುಕುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು, ಅದು ಒಳ್ಳೆಯದೇ. ಆ ನೆಪದಲ್ಲಿ ಪ್ರತಿ ಕಡ್ಡಿಯನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿದ ಹಾಗಾಗುತ್ತದೆ. ಗಂಟು 8ರ ಆಕಾರದಲ್ಲಿ. ಒಂದು ಸೊನ್ನೆಯೊಳಗೆ ತಂತಿ, ಇನ್ನೊಂದರೊಳಗೆ ಕಡ್ಡಿ, ನಡುವೆ ಬಟ್ಟೆಯ ತಿರುವು. ಗಾಳಿಗೆ ಕಡ್ಡಿ ತಂತಿಗೆ ಉಜ್ಜುವುದಿಲ್ಲ. ಕಡ್ಡಿಯ ಸೊನ್ನೆಯಲ್ಲಿ ಕಿರುಬೆರಳು ಹೋಗುವಷ್ಟು ಸಡಿಲ ಇರಲಿ. ತಂತಿಯ ಹಿಂದಿನಿಂದ ಕಡ್ಡಿ ತೂರಿಸಬೇಡಿ. ನೋಡಲು ಚೆನ್ನ, ಆದರೆ ಮೂರು ವರ್ಷ ಬಿಟ್ಟು ಅದನ್ನು ತೆಗೆಯುವಾಗ ಕೈಯೆಲ್ಲ ರಕ್ತ. ಯಾವಾಗಲೂ ತಂತಿಯ ಮುಂದೆ, ನಮ್ಮ ಕಡೆ.

ಬಗ್ಗಿಸಿದ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ. 2022ರ ಅಕ್ಟೋಬರ್ ಮಧ್ಯ, ಭಾನುವಾರ. ಹಿಂದಿನ ಸಂಜೆ ಬುಡ ತೊಯ್ಯುವಂತೆ ನೀರು ಬಿಟ್ಟಿದ್ದೆ, ನೀರು ಕುಡಿದ ಕಡ್ಡಿ ಸುಲಭವಾಗಿ ಬಾಗುತ್ತದೆ. ಒಟ್ಟು ಐದು ಕಡ್ಡಿ. ಅದರಲ್ಲಿ ಎರಡು ಬೂದು ಬಣ್ಣಕ್ಕೆ ತಿರುಗಿ, ಕೊಡಲಿ ಕಾವಿನ ಹಾಗೆ ಗಟ್ಟಿಯಾಗಿದ್ದವು. ಅವನ್ನು ಬಗ್ಗಿಸುವ ಆಸೆ ಬಿಟ್ಟು ಗರಗಸದಲ್ಲಿ ಬುಡಕ್ಕೇ ಕೊಯ್ದೆ. ಕಡ್ಡಿ ಎಳೆಯದಾಗಿದ್ದಾಗಲೇ, ಹಸಿರು ಇದ್ದಾಗಲೇ ಬಗ್ಗಿಸಬೇಕು. ಮುದಿಯಾದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಉಳಿದ ಮೂರರಲ್ಲಿ ಮೊದಲನೆಯದನ್ನು ನಮ್ಮವರು ತುದಿ ಹಿಡಿದರು, ನಾನು ಬುಡದ ಹತ್ತಿರ ಎರಡೂ ಕೈ ಕೊಟ್ಟು ನಿಧಾನಕ್ಕೆ ಒತ್ತಿದೆ. ಬಾಗುವಾಗ ಕಡ್ಡಿ ಒಳಗಿನಿಂದ ಸಣ್ಣಗೆ ನರಳಿದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಬಂದರೆ ನಿಲ್ಲಿಸಬೇಕು. ಒಂದೇ ದಿನಕ್ಕೆ ಅಡ್ಡ ಮಾಡಲೇಬೇಕು ಅಂತೇನಿಲ್ಲ. ಅರ್ಧ ಬಗ್ಗಿಸಿ ಕಟ್ಟಿ, ವಾರ ಬಿಟ್ಟು ಇನ್ನಷ್ಟು ಇಳಿಸಿದರೆ ಆಯಿತು. ಎರಡನೆಯದೂ ಹಾಗೇ ಮಲಗಿತು.

ಮೂರನೆಯದಕ್ಕೆ ನನಗೆ ಧೈರ್ಯ ಜಾಸ್ತಿಯಾಗಿತ್ತು. ಟಕ್ ಅಂತು. ಬುಡದಿಂದ ಎರಡಡಿಗೆ, ಹೊರಮೈಯಲ್ಲಿ ಬಾಯಿ ಬಿಟ್ಟಿತು, ಒಳಗಿನ ಬಿಳಿ ಕಾಣುವಷ್ಟು. ಒಳಮೈ ಸಿಪ್ಪೆ ಮಾತ್ರ ಕೂಡಿತ್ತು. ನಮ್ಮವರು ತುದಿ ಹಿಡಿದುಕೊಂಡೇ "ಹೋಯ್ತಾ?" ಅಂದರು. ನಾನು ಏನೂ ಹೇಳದೆ ಒಳಗೆ ಹೋಗಿ ಸೈಕಲ್ ಟ್ಯೂಬಿನ ತುಂಡು ತಂದು, ಬಾಯಿ ಮುಚ್ಚುವ ಹಾಗೆ ಕಡ್ಡಿಯನ್ನು ಸ್ವಲ್ಪ ಹಿಂದಕ್ಕೆ ತಂದು, ಸುತ್ತಿ ಬಿಗಿದೆ. ಪಕ್ಕಕ್ಕೆ ಅಡಿಕೆ ದಬ್ಬೆಯ ಸೀಳು ಕೊಟ್ಟು ಕಟ್ಟಿದೆ, ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ. ಉಳಿಯುವ ನಂಬಿಕೆ ಇರಲಿಲ್ಲ. ಉಳಿಯಿತು. ಅಲ್ಲೀಗ ಗಂಟು ಕಟ್ಟಿದೆ, ಟ್ಯೂಬು ಬಿಚ್ಚಿ ವರ್ಷಗಳಾದವು.

ಆಮೇಲಿನ ಹತ್ತು ದಿನ ನಾನು ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೋಡೆಯ ಮುಂದೆಯೇ. ಮೊದಲು ಗಿಣ್ಣಿನ ಮೇಲೆ ಸಾಸಿವೆಯಷ್ಟು ಕೆಂಪು. ಮರುದಿನ ಅದು ಉಬ್ಬಿ, ಇನ್ನೆರಡು ದಿನಕ್ಕೆ ಸೂಜಿಮೆಣಸಿನ ತುದಿಯ ಹಾಗೆ ಮೇಲೆದ್ದಿತು. ಒಂದು ಕಡ್ಡಿಯಲ್ಲಿ ಎಣಿಸಿದೆ. ಹದಿನಾಲ್ಕು ಗಿಣ್ಣು, ಹನ್ನೊಂದು ಒಡೆದಿದ್ದವು. ಹನ್ನೊಂದೂ ಮೇಲ್ಮುಖ. ಕೆಳಗೆ ಮುಖ ಮಾಡಿದ್ದ ಕಣ್ಣೂ ಸಹ ಸುತ್ತಿ ಬಂದು ಆಕಾಶ ನೋಡಿತು. ತಂತಿಯ ಮೇಲೆ ಗುಬ್ಬಿ ಸಾಲಾಗಿ ಕೂತ ಹಾಗಿತ್ತು. ಡಿಸೆಂಬರ್ ಮೊದಲ ವಾರಕ್ಕೆ ಮಂಡಿಯೆತ್ತರದಿಂದ ತಲೆಯೆತ್ತರದವರೆಗೆ ಗೋಡೆ ಪೂರ್ತಿ ಹೂ.

ಈಗ ಕತ್ತರಿಯ ವಿಷಯ. ನಮ್ಮ ಕಡೆ ಗುಲಾಬಿ ಕತ್ತರಿಸುವ ದೊಡ್ಡ ಕಾಲ ಅಕ್ಟೋಬರ್. ಮಳೆ ಇಳಿಮುಖವಾಗಿರುತ್ತದೆ, ಮುಂದೆ ಚಳಿ, ಹೂವಿಗೆ ಬಣ್ಣವೂ ಚೆನ್ನಾಗಿ ಬರುತ್ತದೆ. ಕತ್ತರಿಸಿದ ಸುಮಾರು 45 ದಿನಕ್ಕೆ ಹೂ. ಯಾವ ದಿನ ಹೂ ಬೇಕೋ ಅಲ್ಲಿಂದ ಹಿಂದಕ್ಕೆ ಎಣಿಸಿಕೊಳ್ಳಬಹುದು. ನಮ್ಮ ಮನೆಯ ಪದ್ಧತಿ ಬೇರೆ. ಆಯುಧಪೂಜೆಯ ದಿನ ಗಿಡ ಸವರುವ ಕತ್ತರಿ ಸಿಕೇಚರ್, ಸಣ್ಣ ಗರಗಸ, ಕುರ್ಪಿ ಎಲ್ಲ ತೊಳೆದು, ಎಣ್ಣೆ ಹಚ್ಚಿ, ಸ್ಕೂಟರ್ ಪಕ್ಕ ಇಟ್ಟು ಕುಂಕುಮ. ಆವತ್ತು ಅವನ್ನು ಮುಟ್ಟುವ ಹಾಗಿಲ್ಲ. ವಿಜಯದಶಮಿ ದಿನ ಶಾಸ್ತ್ರಕ್ಕೆ ಒಂದು ಒಣ ಕವಲು ಕತ್ತರಿಸುತ್ತೇನೆ. ದಸರಾ ಬೇಗ ಬಂದ ವರ್ಷ ಮಿಕ್ಕದ್ದಕ್ಕೆ ಮಳೆ ಹೊಳವಾಗುವ ತನಕ ಕಾಯುತ್ತೇನೆ. ಅಷ್ಟರಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಹೊಟ್ಟೆ ಉರಿಸಿಕೊಂಡು ಬಂದಿರುತ್ತೇನೆ, ಕತ್ತರಿ ಹಿಡಿಯಲು ಹುಮ್ಮಸ್ಸೂ ಇರುತ್ತದೆ.

ಗಿಡದ ಮುಂದೆ ನಿಂತಾಗ ಕಣ್ಣಿಗೆ ಎರಡು ಬಗೆಯ ರೆಂಬೆ ಬೇರೆ ಬೇರೆಯಾಗಿ ಕಾಣಬೇಕು. ಒಂದು, ಬುಡದಿಂದ ಬಂದ ಉದ್ದ ಕಡ್ಡಿ. ಇದು ಮನೆಯ ತೊಲೆ ಇದ್ದ ಹಾಗೆ, ಮುಟ್ಟಬೇಡಿ. ಇನ್ನೊಂದು, ಕಡ್ಡಿಯ ಮೈಮೇಲೆ ಎದ್ದು ಹೋದ ವರ್ಷ ಹೂ ಬಿಟ್ಟ ಕವಲುಗಳು. ಇವನ್ನು ಎರಡು ಮೂರು ಕಣ್ಣು ಬಿಟ್ಟು ಮೋಟು ಮಾಡಬೇಕು, ಹೆಚ್ಚು ಕಡಿಮೆ ಅರ್ಧ ಗೇಣು. ಮುಗಿಸಿದ ಮೇಲೆ ನೋಡಿದರೆ ಬಾಚಣಿಗೆಯ ಹಾಗೆ ಕಾಣಬೇಕು. ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಜಾಸ್ತಿ ಬಿಟ್ಟರೆ ಆ ಮೋಟು ಒಣಗುತ್ತದೆ, ಒಣಗು ಕೆಳಗಿಳಿದು ಕಡ್ಡಿಯನ್ನೇ ತಿನ್ನುತ್ತದೆ. ಆಮೇಲೆ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು, ಎಲ್ಲಕ್ಕಿಂತ ಮುದಿ ಕಡ್ಡಿಯನ್ನು ಬುಡದಲ್ಲೇ ತೆಗೆಯಬೇಕು. ಆ ಜಾಗಕ್ಕೆ ಆ ವರ್ಷ ಬುಡದಿಂದ ಎದ್ದ ಹೊಸದು. ಇಲ್ಲದಿದ್ದರೆ ಗೋಡೆಯ ಕೆಳಭಾಗ ಮತ್ತೆ ಬೋಳು. ಉಳಿದ ಹಳೇ ಎಲೆಗಳನ್ನೂ ನಾನು ಕಿತ್ತುಬಿಡುತ್ತೇನೆ. ಮಳೆಗಾಲದ ಕಪ್ಪು ಚುಕ್ಕೆ ಎಲ್ಲ ಅದರಲ್ಲೇ ಕೂತಿರುತ್ತದೆ. ಕಿತ್ತದ್ದು ಗೊಬ್ಬರದ ಗುಂಡಿಗಲ್ಲ, ಕಸದ ಗಾಡಿಗೆ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ, ನೀರು.

ದಪ್ಪ ಕಡ್ಡಿ ಕೊಯ್ದ ಗಾಯಕ್ಕೆ ಬೋರ್ಡೋ ಮುಲಾಮು. ಇದಕ್ಕೆ ಅಂಗಡಿಯ ಡಬ್ಬಿ ಬೇಡ. ನಮ್ಮ ಅಪ್ಪ ಕೊಳೆರೋಗಕ್ಕೆ ಅಡಿಕೆಗೆ ಹೊಡೆಸುತ್ತಿದ್ದ ಅದೇ ಮೈಲುತುತ್ತು, ಸುಣ್ಣ. ಅಲ್ಲಿ 100 ಲೀಟರ್ ನೀರಿಗೆ ಒಂದೊಂದು ಕೆಜಿ. ಮುಲಾಮಿಗೆ ಅಷ್ಟೇ ತುತ್ತು, ಅಷ್ಟೇ ಸುಣ್ಣ, ನೀರು ಹತ್ತೇ ಲೀಟರ್. ಮನೆಗೆ 50 ಗ್ರಾಂ ತುತ್ತು, 50 ಗ್ರಾಂ ಸುಣ್ಣ, ಅರ್ಧ ಲೀಟರ್ ನೀರು ಧಾರಾಳ. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಕೂಡಿಸಬೇಕು, ಕಬ್ಬಿಣದ ಬಕೆಟ್ ಬೇಡ. ಅಪ್ಪ ಕೊನೆಗೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಎತ್ತಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ನಾನು ಅಡುಗೆಮನೆಯ ಹಳೇ ಚಾಕು ಅದ್ದುತ್ತೇನೆ. ಅದು ಈಗ ಗುಲಾಬಿ ಚಾಕು, ತರಕಾರಿಗೆ ಇಲ್ಲ.

ಇನ್ನೊಂದು ಮೋಸ ಇದೆ, ಹೇಳಿಬಿಡುತ್ತೇನೆ. ಬುಡದಿಂದ ಎದ್ದದ್ದೆಲ್ಲ ನಮ್ಮದಲ್ಲ. ನರ್ಸರಿಯ ಗುಲಾಬಿ ಕಸಿ ಗಿಡ, ಬೇರು ಬೇರೆ ಜಾತಿಯದು. ನಮ್ಮ ಕಡೆ ಹೆಚ್ಚಾಗಿ ಮಲ್ಟಿಫ್ಲೋರಾ. ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರು ಆ ಬೇರಿನದು. ಐಸ್‌ಬರ್ಗಿಗೆ ಅಂಥದ್ದೊಂದು ಬಂದಾಗ ನಾನು ಎಷ್ಟು ಮುದ್ದು ಮಾಡಿದೆ ಅಂದರೆ! ಮುಳ್ಳೇ ಇಲ್ಲ, ಹುಲುಸು, ವಾರಕ್ಕೆ ಅಡಿ ಬೆಳೆಯಿತು. ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಂಬಬೇಡಿ, ಒಳ್ಳೆಯ ಕ್ಲೈಂಬರ್‌ಗಳಲ್ಲೂ ಏಳು ಬರುವುದುಂಟು. ಅದಕ್ಕಿಂತ ಎಲೆಯ ತೊಟ್ಟು ಕಡ್ಡಿಗೆ ಕೂಡುವ ಜಾಗ ನೋಡಿ. ಅಲ್ಲಿ ತೊಟ್ಟಿನ ಎರಡು ಬದಿಗೆ ಸಣ್ಣ ರೆಕ್ಕೆ ಇರುತ್ತದೆ. ಮಲ್ಟಿಫ್ಲೋರಾದಲ್ಲಿ ಆ ರೆಕ್ಕೆಯ ಅಂಚು ಹರಿದ ಜರಿಯ ಹಾಗೆ, ಎಳೆ ಎಳೆಯಾಗಿರುತ್ತದೆ. ನನ್ನ ಐಸ್‌ಬರ್ಗಿನದು ನಯ. ಸಂಶಯ ಇದ್ದರೆ ಮಣ್ಣು ಕೆದರಿ ಎಲ್ಲಿಂದ ಹೊರಟಿದೆ ಅಂತ ನೋಡುವುದೇ ಖಚಿತ. ಕಾಡು ಚಿಗುರನ್ನು ಕತ್ತರಿಸಿದರೆ ನಾಲ್ಕಾಗಿ ಬರುತ್ತದೆ. ಬುಡ ಹಿಡಿದು ಕಿತ್ತೇ ಎಳೆಯಬೇಕು.

ಯಾವ ಗಿಡ ತರೋಣ ಅಂತ ಕೇಳುವವರಿಗೆ ನನ್ನ ಉತ್ತರ ಸಣ್ಣದು. ವರ್ಷವಿಡೀ ತಿರುತಿರುಗಿ ಹೂ ಬಿಡುವುದನ್ನೇ ತನ್ನಿ. ವರ್ಷಕ್ಕೆ ಒಂದೇ ಸಲ ಹೂ ಬಿಡುವ ರ‍್ಯಾಂಬ್ಲರ್ ಅನ್ನುವ ಜಾತಿಯಿದೆ. ಅದು ಹೋದ ವರ್ಷದ ಕಡ್ಡಿಯಲ್ಲೇ ಹೂ ಬಿಡುವುದು, ಅದನ್ನು ಅಕ್ಟೋಬರ್‌ನಲ್ಲಿ ಸವರಿದರೆ ಆ ವರ್ಷದ ಹೂವಿಗೆ ಎಳ್ಳುನೀರು. ಮರೆಶಾಲ್ ನೀಲ್ ಅಂತ 1864ರ ಫ್ರೆಂಚ್ ತಳಿಯೊಂದಿದೆ, ಹಳದಿ, ಒಳ್ಳೆ ವಾಸನೆ. ತೊಟ್ಟು ತೆಳು, ಹೂವಿನ ತಲೆ ಬಾಗುತ್ತದೆ. ಅದನ್ನು ದೋಷ ಅನ್ನುತ್ತಾರೆ. ಕಮಾನಿನ ಮೇಲಿದ್ದರೆ ಅದೇ ಗುಣ, ಕೆಳಗೆ ನಡೆಯುವವರನ್ನು ಹೂವೇ ಬಗ್ಗಿ ನೋಡುತ್ತದೆ. ನನಗೆ ಇನ್ನೂ ಸಿಕ್ಕಿಲ್ಲ. ಟೀ ಅನ್ನುವ ಗುಂಪಿನ ಇಂಥ ಹಳದಿ ಗುಲಾಬಿಗಳ ಹಿಂದಿರುವ ಅಜ್ಜಿ ರೋಸಾ ಜೈಗಾಂಟಿಯಾ ಅನ್ನುವ ಭಾರೀ ಕಾಡು ಗುಲಾಬಿ, ನಮ್ಮ ಮಣಿಪುರದ್ದು. ಸಸ್ಯಶಾಸ್ತ್ರಜ್ಞ ಜಾರ್ಜ್ ವಾಟ್ ಅಲ್ಲಿ ಅದನ್ನು ನೋಡಿದ್ದು 1882ರಲ್ಲಿ. ಕೊಡೈಕೆನಾಲಿನ ವೀರರಾಘವನ್ ದಂಪತಿ ಸೆಕೆ ನಾಡಿಗೆ ಒಗ್ಗುವ ತಳಿಗಳಿಗಾಗಿ ಇದೇ ಕಾಡು ಗುಲಾಬಿ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಚಳಿ ದೇಶದ ಪುಸ್ತಕ ಓದಿ ಮೈಸೂರಿನಲ್ಲಿ ಗುಲಾಬಿ ಬೆಳೆಯುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಅಂದ ಹಾಗೆ, ಪಕ್ಕದ ಮನೆಯ ಅಜ್ಜಿ. ಆ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ "ಏನಮ್ಮಾ, ಗಿಡಕ್ಕೆ ಏನು ಮಾಡಿದೆ? ಮೇಲೆ ಒಂದೂ ಇಲ್ಲ" ಅಂದರು. ಅವರಿಗೆ ಎಂಬತ್ತಮೂರು, ಮೆಟ್ಟಿಲು ಇಳಿಯುವುದು ಕಷ್ಟ. ನಾನು ದಿನಾ ಒಂದು ಬಟ್ಟಲು ಹೂ ಕೊಟ್ಟು ಕಳಿಸಿದೆ. ಕೊಟ್ಟ ಹೂ ಬೇರೆ, ತಾನೇ ಕಿತ್ತ ಹೂ ಬೇರೆ ಅಂದರಂತೆ ಅವರ ಸೊಸೆಯ ಹತ್ತಿರ. ಮುಂದಿನ ವರ್ಷ ಬುಡದಿಂದ ಮೂರು ಹೊಸ ಕಡ್ಡಿ ಬಂದಾಗ ಒಂದನ್ನು ನೆಟ್ಟಗೆ ಬಿಟ್ಟೆ. ಬಾಲ್ಕನಿಯ ಕಂಬಿಗೆ ಅವರೇ ತಮ್ಮ ಸೀರೆಯ ಅಂಚಿನಲ್ಲಿ ಕಟ್ಟಿಕೊಂಡಿದ್ದಾರೆ. ಅದರ ಚಾಟನಿ ನನ್ನದಲ್ಲ, ಅವರದು. ತರಕಾರಿ ಚಾಕುವಿನಲ್ಲಿ ಕೊಯ್ಯುತ್ತಾರೆ, ಕೋನ ಗೀನ ಏನಿಲ್ಲ, ಹೂ ಚೆನ್ನಾಗೇ ಬರುತ್ತದೆ.

ಈ ವರ್ಷದ ಸಮಸ್ಯೆ ಬೇರೆ. ಜುಲೈನಲ್ಲಿ ಬುಡದಿಂದ ಹೆಬ್ಬೆರಳು ದಪ್ಪದ ಕಡ್ಡಿಯೊಂದು ಎದ್ದಿದೆ, ಇನ್ನೂ ಹಸಿರು, ಹತ್ತಡಿ ದಾಟಿದೆ. ಮೂರನೇ ತಂತಿಯ ಮೇಲೆ ಅದಕ್ಕೆ ಜಾಗ ಬೇಕು. ಅಲ್ಲಿರುವುದು ಸೈಕಲ್ ಟ್ಯೂಬ್ ಸುತ್ತಿದ್ದ ಆ ಹಳೇ ಕಡ್ಡಿ. ಬೂದು ಬಣ್ಣಕ್ಕೆ ತಿರುಗಿದೆ, ಹೋದ ವರ್ಷ ನಾಲ್ಕೇ ಕವಲು ಕೊಟ್ಟಿತು. ಲೆಕ್ಕದ ಪ್ರಕಾರ ಅದರದೇ ಸರದಿ. ನಮ್ಮವರು "ಅದನ್ನ ತೆಗೀಬೇಡ, ನಾಲ್ಕನೇ ತಂತಿಗೆ ಹೊಸದನ್ನ ಹಾಕು" ಅನ್ನುತ್ತಾರೆ. ನಾಲ್ಕನೆಯದರಲ್ಲಿ ಜಾಗ ಇಲ್ಲ ಅಂತ ಅವರಿಗೂ ಗೊತ್ತು. ಆಯುಧಪೂಜೆಗೆ ಇನ್ನೂ ಮೂರು ವಾರ ಇದೆ.